ಅಂಗಡಿಯ ಮಾತು, ಮನೆಯ ಮಾತು

"ನಿಮ್ಮ ಹೂನೀರು ಸುಳ್ಳು ಹೇಳುತ್ತೆ."

ಬಾಟಲಿಯನ್ನು ಗಲ್ಲಾಪೆಟ್ಟಿಗೆಯ ಪಕ್ಕ ಕುಕ್ಕಿದ ಗಂಡಸನ್ನು ನಜ್ಲಾ ತಲೆಯೆತ್ತಿ ನೋಡಿದಳು. ಉದ್ದ ಮೂಗು, ಕೆರಳಿದ ಕಣ್ಣು, ಅಂಗಿಯ ತೋಳಿಗೆಲ್ಲ ರವೆ ಮೆತ್ತಿತ್ತು.

"ಏನಂತ ಹೇಳ್ತು?"

"ಕಿತ್ತಳೆ ಹೂವಿನದು ಅಂತ. ನಾನು ಕೈರುವಾನ್‌ನಲ್ಲಿ ಮಿಠಾಯಿ ಮಾಡೋನು. ಬಾವಿನೀರು ಹಾಕಿದ್ರೂ ಇಷ್ಟೇ ಘಮ ಬರ್ತಿತ್ತು!"

ನಜ್ಲಾ ಬಾಟಲಿಯನ್ನು ತಿರುಗಿಸಿ ನೋಡಿದಳು. ತುಟಿ ಕಚ್ಚಿ ನಗು ತಡೆದಳು.

"ಇದು ನಮ್ಮದಲ್ಲ, ಎದುರುಗಡೆ ಅಂಗಡಿಯದು. ಜಗಳ ಅಲ್ಲಿಗೆ ಒಯ್ಯಿರಿ. ಕಾಫಿ ಮಾತ್ರ ಇಲ್ಲೇ ಕುಡಿದು ಹೋಗಿ, ಅಲ್ಲಿ ಕೊಡಲ್ಲ."

ಅವನ ಕಿವಿ ಕೆಂಪಾಯಿತು. ಕೂತ. ಎದುರಿನ ಅಂಗಡಿಗೆ ಹೋಗುವುದನ್ನೇ ಮರೆತ.

ಶಾಕಿರ್ ನಜ್ಲಾಳ ಗಿರಾಕಿಯಾದದ್ದು ಹೀಗೆ.

ನಾಬೆಲ್ ಊರಿನಲ್ಲಿ ವಸಂತ ಬಂದರೆ ಹೂವು ಬಟ್ಟಿಯಿಳಿಸಲು ಮನೆಮನೆಯಲ್ಲೂ ತಾಮ್ರದ ಹಂಡೆ ಒಲೆಯೇರುತ್ತದೆ, ಬೀದಿಯೆಲ್ಲ ಹೂವಿನ ಆವಿ. ಅಲ್ಲಿ ಹೂನೀರು ಮಾರುವುದು ದೊಡ್ಡ ವಿಷಯವಲ್ಲ, ಗಿರಾಕಿಯನ್ನು ಉಳಿಸಿಕೊಳ್ಳುವುದೇ ವಿದ್ಯೆ. ನಜ್ಲಾಳನ್ನು ಸಾಕಿದ ಚಿಕ್ಕಮ್ಮ ಜಲೀಲಾ ಅಂಗಡಿಯ ಜೊತೆಗೆ ಆ ವಿದ್ಯೆಯನ್ನೂ ಕೊಟ್ಟಿದ್ದಳು.

"ಗಿರಾಕಿ ಬಾಟಲಿಗೋಸ್ಕರ ಬರಲ್ಲ ಕಣೇ. ತನ್ನ ಗೋಳು ಕೇಳೋರು ಇದ್ದಾರೆ ಅಂತ ಬರ್ತಾನೆ."

ನಜ್ಲಾ ಕೇಳುತ್ತಿದ್ದಳು. ಯಾರ ಮಗಳ ಬಾಣಂತನ, ಯಾರ ಅತ್ತೆಯ ಮಂಡಿನೋವು, ಎಲ್ಲವೂ ಅವಳಿಗೆ ನೆನಪಿರುತ್ತಿತ್ತು. ಹೊರಡುವವರನ್ನು ಬಾಗಿಲವರೆಗೆ ಕಳಿಸಿ, ತಲೆ ಒಂದಿಷ್ಟು ವಾಲಿಸಿ ಹೇಳುವಳು: "ಬೇಗ ಬನ್ನಿ. ನೀವು ಬರದಿದ್ರೆ ಅಂಗಡಿ ಬಿಕೋ ಅನ್ನುತ್ತೆ." ಕೇಳಿದವರ ಮುಖ ಅರಳುತ್ತಿತ್ತು. ಅದರಲ್ಲಿ ಮೋಸವಿರಲಿಲ್ಲ. ಹೇಳುವ ಆ ಗಳಿಗೆಯಲ್ಲಿ ಅವಳಿಗೂ ಹಾಗೇ ಅನಿಸುತ್ತಿತ್ತು.

ಶಾಕಿರ್ ಮೊದಮೊದಲು ಹೂನೀರು ಮುಗಿದಾಗ ಬಂದ. ಆಮೇಲೆ ಮುಗಿಯದೆಯೂ ಬಂದ.

"ಕೈರುವಾನ್‌ನಲ್ಲಿ ಕಾಫಿ ಸಿಗಲ್ವೇನೋ, ಪಾಪ?" ಎಂದು ಚಿಕ್ಕಮ್ಮ ಮೂಲೆಯಿಂದ ಚುಚ್ಚುವಳು.

"ಸಿಗುತ್ತೆ ಚಿಕ್ಕಮ್ಮ, ಬೈಯೋರು ಸಿಗಲ್ಲ."

ಖರ್ಜೂರ ತುಂಬಿದ ಮಕ್ರೂದ್ ಮಿಠಾಯಿ ತಂದು ನಜ್ಲಾಳ ಮುಂದಿಡುವನು. ಅವಳು ಕಚ್ಚುವಾಗ ಬೇಕೆಂದೇ ಬೀದಿಯ ಕಡೆ ನೋಡುವನು. ಅವಳು ಅಗಿಯುತ್ತಾ, "ಸಕ್ಕರೆ ಪಾಕ ಜಾಸ್ತಿಯಾಯ್ತು" ಎನ್ನುವಳು. ಥಟ್ಟನೆ ತಿರುಗುವನು. ನಾಲ್ಕು ಕಣ್ಣು ಕೂಡುವವು. ಇಬ್ಬರೂ ಬಾಟಲಿ ಎಣಿಸುವವರಂತೆ ಕಪಾಟಿನ ಕಡೆ ತಿರುಗುವರು.

ತನಗೆ ಮದುವೆ ಗೊತ್ತಾಗಿದ್ದ ಹುಡುಗಿ ಇನ್ನೊಬ್ಬನನ್ನು ಮನಸ್ಸಿನಲ್ಲಿಟ್ಟುಕೊಂಡೇ ತನ್ನೊಡನೆ ವರ್ಷವಿಡೀ ಸಿಹಿಯಾಗಿ ಮಾತಾಡಿದ್ದಳೆಂದು ಒಂದು ಸಂಜೆ ಹೇಳಿದ. ನಜ್ಲಾ ಸಮಾಧಾನ ಹೇಳಲಿಲ್ಲ. ತಣ್ಣಗಾದ ಅವನ ಕಾಫಿ ಚೆಲ್ಲಿ ಬೇರೆ ಕಾಸಿ ಕೊಟ್ಟಳು. ಹೊರಡುವಾಗ ಅಭ್ಯಾಸಬಲದಿಂದ, "ನೀವು ಬರದಿದ್ರೆ ಅಂಗಡಿ ಬಿಕೋ..." ಎಂದು ಶುರುಮಾಡಿದವಳಿಗೆ ಮುಂದೆ ನಾಲಿಗೆ ಹೊರಳಲಿಲ್ಲ.

"ಅಂಗಡಿ ಮಾತ್ರಾನಾ?" ಎಂದ ಶಾಕಿರ್, ಮೆಲ್ಲಗೆ.

ಅವಳು ಒಣಗಿದ್ದ ಲೋಟವನ್ನೇ ಮತ್ತೆ ಒರೆಸಿದಳು. ಅವನಿಗೆ ಅಷ್ಟು ಉತ್ತರ ಸಾಕಾಯಿತು. ಶಿಳ್ಳೆ ಹಾಕುತ್ತಾ ಹೋದ.

ಮರುವಾರ ನಜ್ಲಾ ಬೀದಿಗೆ ಬೆನ್ನು ಹಾಕಿ ಫೋನಿನಲ್ಲಿದ್ದಳು. ಆ ಕಡೆ ಸೂಸ್ ಊರಿನ ಹೋಟೆಲಿನ ಯಜಮಾನ, ಹಳೆಯ ಗಿರಾಕಿ.

"ಅಯ್ಯೋ, ಎಷ್ಟು ದಿನ ಆಯ್ತು! ಕೆಮ್ಮು ಹೇಗಿದೆ? ಇಲ್ಲ ಇಲ್ಲ, ಆಳನ್ನ ಕಳಿಸ್ಬೇಡಿ, ನೀವೇ ಬನ್ನಿ. ನೀವು ಬರದಿದ್ರೆ ಅಂಗಡಿ ಬಿಕೋ ಅನ್ನುತ್ತೆ. ಅಂಗಡಿ ಮಾತ್ರಾನಾ ಅಂತೀರಾ? ಹೋಗೀಪ್ಪಾ!" ಎಂದು ನಕ್ಕಳು.

ಫೋನಿಟ್ಟು ತಿರುಗಿದರೆ ಬಾಗಿಲ ಮಣಿಪರದೆ ತೂಗುತ್ತಿತ್ತು.

"ಶಾಕಿರ್ ಬಂದಿದ್ದ," ಎಂದಳು ಚಿಕ್ಕಮ್ಮ. ಅವಳ ದನಿಯಲ್ಲಿ ಕುಹಕವಿರಲಿಲ್ಲ. "ತಾಯೀನ ಕಾರಲ್ಲಿ ಕೂರಿಸ್ಕೊಂಡು ಬಂದಿದ್ದ ಕಣೇ. ಹೊಸ ಕೋಟು ಹಾಕಿದ್ದ."

ಅವನು ಫೋನ್ ತೆಗೆಯಲಿಲ್ಲ. ಹಂಡೆಗೆ ಹೂವು ತುಂಬಿಸುವ ಕೆಲಸವನ್ನು ಹಾಗೇ ಬಿಟ್ಟು, ನಜ್ಲಾ ಬಾಡಿಗೆ ಕಾರಿನಲ್ಲಿ ಅಪರಿಚಿತರ ನಡುವೆ ಇಕ್ಕಟ್ಟಿನಲ್ಲಿ ಕೂತು ಕೈರುವಾನ್‌ಗೆ ಹೋದಳು.

ಮಿಠಾಯಿ ಅಂಗಡಿಯಲ್ಲಿ ಶಾಕಿರ್ ಎದ್ದು ನಿಂತು ಕುರ್ಚಿ ಎಳೆದುಕೊಟ್ಟ. ತಟ್ಟೆಯಲ್ಲಿ ಮಿಠಾಯಿ ಇಟ್ಟ. "ಚಿಕ್ಕಮ್ಮ ಹೇಗಿದ್ದಾರೆ? ಈ ಸಲ ಹೂವು ಚೆನ್ನಾಗಿ ಬಂತಾ?" ಎಂದ. ಎಂಥ ನಯ! ಬಂದವರಿಗೆಲ್ಲ ಕೊಡುವ ಆ ನಯ ನಜ್ಲಾಳ ಎದೆಗೆ ಮುಳ್ಳಿನಂತೆ ಚುಚ್ಚಿತು.

"ಹಾಗೆ ಮಾತಾಡ್ಬೇಡ," ಎಂದಳು. ಮೊದಲ ಸಲ ಏಕವಚನ ಬಂದಿತ್ತು. "ಅವರಿಗೆ ಹೇಳಿದ್ದು ವ್ಯಾಪಾರ. ನಿನಗೆ ಹೇಳಿದ್ದು ನಿಜ. ನೀನಂದ್ರೆ ನನಗೆ ಇಷ್ಟ, ಶಾಕಿರ್. ಇದನ್ನ ಯಾರಿಗೂ ಹೇಳಿಲ್ಲ."

ಅವನು ಮಿಠಾಯಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

"ಇರಬಹುದು ನಜ್ಲಾ. ನಾನೂ ಅಂಗಡಿಯವನೇ. ಬಂದೋರಿಗೆಲ್ಲ ನಿಮ್ಮ ಮನೆ ಮದುವೆ ನನ್ನ ಮನೆ ಮದುವೆ ಅಂತೀನಿ. ತಪ್ಪು ನಿಂದಲ್ಲ. ಆದ್ರೆ ನನ್ನ 'ಅಂಗಡಿ ಮಾತ್ರಾನಾ' ಅನ್ನೋ ಮಾತಿಗೇ ಅವರ ಜೊತೆ ನಕ್ಕೆಯಲ್ಲ... ಇನ್ನು ಜೀವನಪೂರ್ತಿ, ನೀನು ಊಟ ಮಾಡು ಅಂದ್ರೂ, ಇದು ಅಂಗಡಿ ಮಾತಾ, ಮನೆ ಮಾತಾ ಅಂತ ನಾನು ಯೋಚಿಸ್ತೀನಿ. ಆ ಬದುಕು ನಿನಗೂ ಬೇಡ."

"ಒಂದು ಸಲ ನಂಬಿ ನೋಡು."

"ಒಂದು ಸಲ ನಂಬಿ ನೋಡಿದ್ದೆ," ಎಂದ. ಮದುವೆ ಗೊತ್ತಾಗಿ ಮುರಿದ ಆ ಹುಡುಗಿಯ ವಿಷಯವೋ, ತನ್ನ ವಿಷಯವೋ, ನಜ್ಲಾ ಕೇಳಲಿಲ್ಲ.

ಹಿಂದಿರುಗುವಾಗ ದಾರಿಯುದ್ದಕ್ಕೂ ಅಳು ಬರಲಿಲ್ಲ. ಅಂಗಡಿಯಲ್ಲಿ ಗಿರಾಕಿಯೊಬ್ಬಳು "ಯಾಕಮ್ಮ ಬಾಡಿದೀಯ?" ಎಂದಾಗ ಉಕ್ಕಿ ಬಂತು. ಅದನ್ನೂ ನುಂಗಿ, "ಮೊಮ್ಮಗುವಿಗೆ ಹಲ್ಲು ಬಂತಾ?" ಎಂದು ಕೇಳಿದಳು.

ಬೇಸಿಗೆ ಕಳೆಯುವ ಹೊತ್ತಿಗೆ, ಅಂಗೈಯ ಮೆಹಂದಿಯ ಕಪ್ಪು ಇನ್ನೂ ಮಾಸದ ಹುಡುಗಿಯೊಬ್ಬಳು ಅಂಗಡಿಗೆ ಬಂದಳು. ಹೆಸರು ಇನ್ಸಾಫ್.

"ಕೈರುವಾನ್‌ನಿಂದ ಬಂದೆ. ಶಾಕಿರ್ ನಮ್ಮನೆಯವರು. ಹೂನೀರು ಇಲ್ಲೇ ತಗೋ, ಇಲ್ಲಿ ಮೋಸ ಇಲ್ಲ ಅಂದ್ರು."

ಮೂಲೆಯಲ್ಲಿದ್ದ ಚಿಕ್ಕಮ್ಮ ಎದ್ದು ಒಳಗೆ ಹೋದಳು. ನಜ್ಲಾ ಕುರ್ಚಿ ಎಳೆದುಕೊಟ್ಟಳು. ಕಾಫಿ ಕಾಸಿದಳು. ಹುಡುಗಿಯ ಊರು, ತಾಯಿ, ತಂಗಿಯರ ಓದು ಎಲ್ಲ ಕೇಳಿದಳು. ಇನ್ಸಾಫ್ ಮೆಲ್ಲಮೆಲ್ಲನೆ ಸಡಿಲಾದಳು.

"ಅಕ್ಕಾ, ಅವರು ಮಾತೇ ಆಡಲ್ಲ. ಏನು ಇಷ್ಟ, ಏನು ಕಷ್ಟ, ಒಂದೂ ತಿಳಿಯಲ್ಲ. ಇಲ್ಲಿ ಕೂತು ಹರಟೆ ಹೊಡೀತಿದ್ರಂತೆ. ನಿಮಗೇನಾದ್ರೂ ಗೊತ್ತಾ?"

ಗೊತ್ತಿಲ್ಲ ಎಂದುಬಿಟ್ಟರೆ ಮುಗಿಯುತ್ತಿತ್ತು. ಆದರೆ ಎದುರಿಗೆ ಕೂತಿದ್ದವಳ ಕಣ್ಣಲ್ಲಿ ನೀರಿತ್ತು.

"ಮರುಭೂಮಿ ಗಾಳಿ ಬೀಸಿದ ದಿನ ತಲೆನೋವು ಅವರಿಗೆ. ಕಿಟಕಿ ಮುಚ್ಚಿಬಿಡು, ಏನೂ ಕೇಳ್ಬೇಡ," ಎಂದಳು ನಜ್ಲಾ. "ಮೀನಿಗೆ ಜೀರಿಗೆ ಜಾಸ್ತಿ ಹಾಕು. ತಂದೆ ಸತ್ತ ಸುದ್ದಿ ತೆಗೆದ್ರೆ ಮಧ್ಯೆ ಮಾತಾಡ್ಬೇಡ, ಪೂರ್ತಿ ಹೇಳಲಿ. ನೀನು ಏನಾದ್ರೂ ಹೇಳಿದ್ರೆ ಅದು ಅವರಿಗೊಬ್ಬರಿಗೇ ಹೇಳಿದ ಹಾಗಿರ್ಬೇಕು."

ಹುಡುಗಿ ಪ್ರತಿ ಮಾತಿಗೂ ತಲೆಯಾಡಿಸಿದಳು. ಪರೀಕ್ಷೆಗೆ ಓದುವವಳ ಹಾಗೆ ತುಟಿ ಅಲುಗಿಸಿ ಬಾಯಿಪಾಠ ಮಾಡಿಕೊಂಡಳು. ನಜ್ಲಾ ತನ್ನಲ್ಲಿದ್ದುದನ್ನೆಲ್ಲ ಕೊಟ್ಟಳು. ಒಂದನ್ನು ಮಾತ್ರ ಇಟ್ಟುಕೊಂಡಳು: ನಾಚಿದಾಗ ಅವನು ತನ್ನ ಗಡಿಯಾರಕ್ಕೆ ಕೀಲಿ ಕೊಡುವಂತೆ ನಟಿಸುತ್ತಾನೆ ಎಂಬುದನ್ನು. ಅದು ಇವಳಿಗೆ ತಾನಾಗಿ ಕಂಡರೆ ಕಾಣಲಿ.

"ಇಷ್ಟೆಲ್ಲ ಹೇಗೆ ನೆನಪಿಟ್ಕೋತೀರಿ ಅಕ್ಕಾ?"

"ಗಿರಾಕಿಗಳಲ್ವಾ," ಎಂದಳು ನಜ್ಲಾ.

ಬಾಟಲಿಗಳನ್ನು ಬಟ್ಟೆಯಲ್ಲಿ ಸುತ್ತಿ ಬುಟ್ಟಿಗಿಟ್ಟಳು. ಬಾಗಿಲವರೆಗೆ ಬಂದಳು. ಹುಡುಗಿ ಮೆಟ್ಟಿಲಿಳಿದು, ಏನೋ ಮಾತು ಬಾಕಿಯಿದೆಯೆಂಬಂತೆ ನಿಂತು ತಿರುಗಿ ನೋಡಿದಳು.

ನಜ್ಲಾ ಬರೀ ಕೈ ಬೀಸಿದಳು.