ವೀಳ್ಯದೆಲೆಯ ತೊಟ್ಟು

"ನಿಮ್ಮಮ್ಮ ಭದ್ರಾವತಿಯಿಂದ ತಂದ ಆ ಊಟದ ಡಬ್ಬಿಯಿಂದಲೇ ನನ್ನ ಮೊಮ್ಮಗಳಿಗೆ ಈ ಗತಿ. ಇನ್ನು ಅವರು ಈ ಕಡೆ ತಲೆ ಹಾಕಬಾರದು, ನೀನೂ ಅಷ್ಟೆ. ಮಗು ಹತ್ರ ನಾನಿರ್ತೀನಿ."

ಐಸಿಯು ಬಾಗಿಲಲ್ಲಿ ಅತ್ತೆ ಬಸವರಾಜೇಶ್ವರಿ ಮಧುಶ್ರೀಗೆ ಹೀಗೆಂದರು. ಒಳಗೆ ಐದು ವರ್ಷದ ಅಕ್ಷರಾ ಜ್ವರದಲ್ಲಿ ಬೇಯುತ್ತಿದ್ದಳು. ಎರಡು ತಿಂಗಳಿಂದ ರಕ್ತದ ಕ್ಯಾನ್ಸರಿಗೆ ಕೀಮೋ ನಡೆಯುತ್ತಿತ್ತು. ಈಗ ರಕ್ತಕ್ಕೇ ಸೋಂಕು ಎಂದಿದ್ದರು. ಗಂಡ ಜ್ಞಾನೇಶ್ ಮೊಬೈಲ್ ನೋಡುತ್ತ ನಿಂತಿದ್ದ. ತಾಯಿ ಬಾಯಿ ತೆರೆದಾಗಲೆಲ್ಲ ಆ ಮಹಾರಾಯನಿಗೆ ಮೊಬೈಲಿನಲ್ಲಿ ಕೆಲಸ ಬಂದುಬಿಡುತ್ತಿತ್ತು! ಫ್ಯಾಕ್ಟರಿ ಕೆಲಸಗಾರನ ಮಗಳಾದ ಇವಳನ್ನು ಪ್ರೀತಿಸಿ ಅವನು ಗೋಪಾಳ ಬಡಾವಣೆಯ ತನ್ನ ಮನೆಗೆ ಕರೆತಂದು ಏಳು ವರ್ಷವಾಗಿತ್ತು. ಇವತ್ತಿಗೂ ಸೊಸೆ ಮಾಡಿದ ಸಾರನ್ನು ಅತ್ತೆ ಮೂಸಿ ನೋಡಿಯೇ ಬಡಿಸಿಕೊಳ್ಳುತ್ತಿದ್ದರು.

"ನಮ್ಮಮ್ಮ ತಂದಿದ್ದು ಬಿಸಿ ಗಂಜಿ ಅತ್ತೆ..."

"ಫ್ಯಾಕ್ಟರಿ ಕ್ವಾರ್ಟರ್ಸ್ ನೀರಲ್ಲಿ ಬೇಯಿಸಿದ್ದು ತಾನೇ?"

ಅಷ್ಟರಲ್ಲಿ ಡಾಕ್ಟರ್ ಜನಾರ್ದನ ಹೊರಬಂದರು. "ಊಟದ ಮಾತು ಬಿಡಿ. ರಕ್ತದಲ್ಲಿ ಸಿಕ್ಕಿರೋದು ಎಲ್ಲರ ಕರುಳಲ್ಲೂ ಇರೋ ಬ್ಯಾಕ್ಟೀರಿಯಾ. ನನಗೂ ಇದೆ, ನಿಮಗೂ ಇದೆ. ಅದು ರಕ್ತಕ್ಕೆ ಇಳಿಯೋದು ಅಪರೂಪ. ಕೀಮೋದಿಂದ ಮಗುಗೆ ಶಕ್ತಿ ಇಲ್ಲ, ತಾನಾಗೇ ಇಳಿದಿರಬಹುದು. ಆದ್ರೆ ಹಿಂಭಾಗ ಮುಟ್ಟಿದ್ರೆ ಕಿರುಚ್ತಾಳೆ. ಎನಿಮಾ ಅಂತ ಏನಾದ್ರೂ ಕೊಟ್ರಾ? ನಿಜ ಹೇಳಿದ್ರೆ ಅಲ್ಲೇ ಸ್ಕ್ಯಾನ್ ಮಾಡಿಸ್ತೀನಿ. ತಡವಾದ್ರೆ ಉಳಿಸ್ಕೊಳ್ಳೋದು ಕಷ್ಟ."

ಜ್ಞಾನೇಶ್ ಈಗ ತಲೆಯೆತ್ತಿದ, ಹೆಂಡತಿಯ ಕಡೆಗೆ. "ಏನು ಮಾಡ್ದೆ, ಹೇಳು."

ಏನು ಮಾಡಿದ್ದಳು ಪಾಪ! ಮಗುವಿಗೆ ನಾಲ್ಕು ದಿನದಿಂದ ಮಲ ಕಟ್ಟಿತ್ತು. ಸೋಮವಾರ ಅವಳು ಆಲ್ಕೊಳದ ಆಫೀಸಿನಿಂದ ಬಂದಾಗ ಬಚ್ಚಲಲ್ಲಿ ಹರಳೆಣ್ಣೆ ಬಾಟಲಿಯಿತ್ತು, ಪಕ್ಕದಲ್ಲಿ ತೊಟ್ಟು ಮುರಿದ ವೀಳ್ಯದೆಲೆ. ಎಣ್ಣೆ ಸವರಿದ ತೊಟ್ಟನ್ನು ಗುದದೊಳಗೆ ತೂರಿಸಿದರೆ ಮಕ್ಕಳಿಗೆ ಸಲೀಸಾಗುತ್ತದೆಂಬುದು ಆ ಮನೆಯ ಹಳೇ ವೈದ್ಯ. ಈ ಮಗುವಿಗೆ ಅಂಥದ್ದೇನೂ ಕೂಡದೆಂದು ಡಾಕ್ಟರ್ ಹೇಳಿದ್ದನ್ನು ಅವಳು ಅತ್ತೆಗೆ ಮೂರು ಸಲ ಹೇಳಿದ್ದಳು. ಎಲೆ ನೋಡಿಯೂ ಜಗಳಕ್ಕೆ ಹೆದರಿ ಸುಮ್ಮನಿದ್ದಳು, ಅದೇ ಅವಳ ತಪ್ಪು.

"ಅತ್ತೆ, ಸೋಮವಾರ ಅವಳಿಗೆ ತೊಟ್ಟು ಹಾಕಿದ್ರಾ?"

"ಹಾಕ್ದೆ. ಏನೀಗ? ನಿನ್ನ ಗಂಡನ್ನೂ ಹಾಗೇ ಬೆಳೆಸಿದ್ದು. ಮಗು ತಿಣುಕಿ ತಿಣುಕಿ ಅಳ್ತಿದ್ರೆ ಡಾಕ್ಟರ್ ಚೀಟಿ ಓದ್ತಾ ಕೂರ್ಲಾ? ನಾನು... ನಾನು ಅವಳ ಅಜ್ಜಿ..." ಬಸವರಾಜೇಶ್ವರಿ ಐಸಿಯು ಬಾಗಿಲಿನಿಂದ ಹಿಂದೆ ಸರಿದರು.

ಸ್ಕ್ಯಾನಿನಲ್ಲಿ ತೊಟ್ಟು ಗೀರಿದ ಕಡೆ ಕೀವು ಕಂಡಿತು. ಅದನ್ನು ತೆಗೆದು, ಔಷಧಿ ಬದಲಿಸಿದರು. ಐದನೇ ದಿನ ಜ್ವರ ಇಳಿದು ಅಕ್ಷರಾ ವಾರ್ಡಿಗೆ ಬಂದಳು.

ಬಸವರಾಜೇಶ್ವರಿ ಮಾತ್ರ ವಾರ್ಡಿನ ಹೊಸ್ತಿಲು ತುಳಿಯಲಿಲ್ಲ. ದಿನವೂ ಬಂದು ಕೆಳಗಿನ ಬೆಂಚಿನಲ್ಲಿ ಕೂತು ಹೋಗುತ್ತಿದ್ದರು. ಕೂತಿರಲಿ, ಎಂದುಕೊಂಡಳು ಮಧುಶ್ರೀ. ಅವಳಿಗೆ ಅದರಲ್ಲಿ ಸಮಾಧಾನವೇ ಇತ್ತು. ಆದರೆ ಮಗು "ಅಜ್ಜಿ ಯಾಕೆ ಬರಲ್ಲ?" ಎಂದು ಅಳತೊಡಗಿದಾಗ ಹಲ್ಲು ಕಚ್ಚಿ ಕೆಳಗಿಳಿದಳು.

"ಕರೀತಿದ್ದಾಳೆ, ಬನ್ನಿ."

"ಬೇಡ ಕಣೇ. ಯಾವ ಮುಖ ಇಟ್ಕೊಂಡು ಬರ್ಲಿ..."

"ನಾನೇನೂ ನಿಮ್ಮನ್ನ ಕ್ಷಮಿಸಿಲ್ಲ ಅತ್ತೆ. ಅವಳಿಗೋಸ್ಕರ ಕರೀತಿದ್ದೀನಿ. ಮೇಲೆ ನಮ್ಮಮ್ಮ ಇದ್ದಾರೆ. ಒಂದೇ ಕುರ್ಚಿ ಇರೋದು, ಅವರನ್ನ ಏಳಿಸಲ್ಲ."

ಬಸವರಾಜೇಶ್ವರಿ ಸೊಸೆಯ ಮುಖವನ್ನೇ ನೋಡಿದರು. ಕಣ್ಣು ತುಂಬಿತ್ತು.

"ನೆಲದ ಮೇಲೆ ಕೂತ್ಕೋತೀನಿ, ನಡಿ," ಎಂದರು.