ಕೆಲಸದವಳ ಪಾತ್ರ ನನಗೇ ಕೊಡಿ

"ಪರದೆ ಹಿಂದೆ ನಕ್ಕಿದ್ದು ಯಾರು? ಮುಂದೆ ಬನ್ನಿ!"

ಆ ಗುಡುಗಿಗೆ ಇಡೀ ಹಾಲ್ ತೆಪ್ಪಗಾಯಿತು. ಪಾತ್ರದ ಆಯ್ಕೆಗೆಂದು ವೇದಿಕೆಯ ನಡುವೆ ಪ್ರೇಮಿಯ ಮಾತು ಒಪ್ಪಿಸುತ್ತಿದ್ದ ನಿವೃತ್ತ ಬ್ಯಾಂಕ್ ಮ್ಯಾನೇಜರು, ಎತ್ತಿದ ಕೈಯನ್ನು ಎಲ್ಲಿಡಬೇಕೋ ತಿಳಿಯದೆ ಹಾಗೇ ನಿಂತರು.

ಪರದೆಯ ಹಿಂದೆ ಸ್ಟೂಲಿನ ಮೇಲೆ ಕೂತಿದ್ದವಳು ತಟ್ಟನೆ ಬಾಯಿ ಮುಚ್ಚಿಕೊಂಡಳು. ನಗು ಬಂದದ್ದು ಅವಳ ತಪ್ಪೇ? ಅರವತ್ತೆರಡರ ಮನುಷ್ಯ ಉಸಿರು ಬಿಗಿಹಿಡಿದು, ಹೊಟ್ಟೆಯನ್ನು ಒಳಗೆಳೆದುಕೊಂಡು, "ಪ್ರಿಯೆ, ನನ್ನ ಯೌವನವೆಲ್ಲ ನಿನ್ನದೇ" ಎಂದರೆ ಯಾರಿಗೆ ತಾನೇ ನಗು ಬರುವುದಿಲ್ಲ!

"ಬನ್ನಿ ಅಂದೆ!"

ಬಂದಳು. ತಲೆ ಎತ್ತಿಕೊಂಡೇ ಬಂದಳು.

ವಯಸ್ಸು ಮೂವತ್ತನಾಲ್ಕು. ಹಗಲು ಕನ್ನಡಕದ ಅಂಗಡಿಯಲ್ಲಿ ಕೆಲಸ. ಭಾನುವಾರಗಳು ಈ ನಾಟಕ ಸಂಘಕ್ಕೆ. ನಟರು ಮಾತು ಮರೆತಾಗ ಪರದೆಯ ಮರೆಯಿಂದ ಎತ್ತಿಕೊಡುವುದು ಅವಳ ಪಾಲಿಗೆ ಬಂದ ಕೆಲಸ. ಒಂಬತ್ತು ವರ್ಷದಿಂದ ಪಿಸುಗುಟ್ಟಿ ಪಿಸುಗುಟ್ಟಿ, ಹೆಸರೇ 'ಪಿಸುಪಿಸು' ಎಂದಾಗಿಬಿಟ್ಟಿತ್ತು.

ಮೊದಲ ಸಾಲಿನಲ್ಲಿ ಕೂತಿದ್ದವನು ಹೊಸ ನಿರ್ದೇಶಕ. ಎಂಟು ವರ್ಷ ಊರೂರು ತಿರುಗುವ ದೊಡ್ಡ ತಂಡದಲ್ಲಿದ್ದು, ಅಲ್ಲಿಂದ ಜಗಳವಾಡಿ ಹೊರಬಂದು, ಈಗ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಿದ್ದ. ಯಾರು ತಪ್ಪು ಮಾಡಿದರೂ "ಬ್ರೇಕ್!" ಎಂದು ಅರಚುತ್ತಿದ್ದರಿಂದ, ಬಂದ ವಾರದಲ್ಲೇ 'ಬ್ರೇಕ್ ಮೇಷ್ಟ್ರು' ಆಗಿದ್ದ.

"ಕತ್ತಲಲ್ಲಿ ಕೂತು ನಗೋದು ಸುಲಭ ಅಲ್ವಾ?" ಎಂದ ಮೇಷ್ಟ್ರು, ಮೇಲಿಂದ ಕೆಳಗೆ ನೋಡುತ್ತಾ. "ತಾಕತ್ತಿದ್ರೆ ಮನೆ ಒಡತಿ ಪಾತ್ರದ ಮಾತು ಓದಿ."

"ಓದೋದ್ಯಾಕೆ? ಬರುತ್ತೆ!"

ಈ ಸಲದ ಮೂರು ನಾಟಕಗಳಲ್ಲಿ ಮೊದಲನೆಯದು ಬಾಡಿಗೆ ಕೋಣೆಗಳ ಮನೆ ನಡೆಸುವ ಒಬ್ಬ ವಿಧವೆಯ ಕಥೆ. ಬಾಡಿಗೆದಾರರೆಲ್ಲ ಒಬ್ಬೊಬ್ಬರಾಗಿ ಬಿಟ್ಟುಹೋದ ಮೇಲೆ ಅವಳು ಖಾಲಿ ಕೋಣೆಗಳ ಜೊತೆ ಮಾತಾಡುವ ದೃಶ್ಯ. ಆಡಿಷನ್ನಿಗೆ ಬಂದವರೆಲ್ಲ ಅದನ್ನು ಅತ್ತು, ಎದೆ ಬಡಿದುಕೊಂಡು ಹಾಳು ಮಾಡಿದ್ದರು. ಅವಳು ಅಳಲಿಲ್ಲ. ಸುಮ್ಮನೆ, ಬಾಗಿಲ ಚಿಲಕ ಸರಿಯಿದೆಯೇ ಎಂದು ನೋಡುವವಳ ಹಾಗೆ ಮಾತಾಡಿದಳು.

ಮುಗಿದಾಗ ಯಾರೂ ಕೆಮ್ಮಲಿಲ್ಲ.

ಮೇಷ್ಟ್ರು ಪೆನ್ನಿನ ಕ್ಯಾಪ್ ಮುಚ್ಚಿದ. "ಪರವಾಗಿಲ್ಲ. ಇಷ್ಟು ಕಸದಲ್ಲಿ ಒಂದು ಕೆಲಸಕ್ಕೆ ಬರೋ ಸಾಮಾನು ಸಿಕ್ತು."

'ಸಾಮಾನಂತೆ! ಇವನ ಮುಖಕ್ಕಿಷ್ಟು...' ಹಲ್ಲು ಕಡಿದುಕೊಂಡಳು. ಆದರೂ ಮನೆಗೆ ಹೋಗುವಷ್ಟರಲ್ಲಿ ಆ ಮಾತನ್ನು ಹತ್ತು ಸಲ ನೆನೆಸಿಕೊಂಡಿದ್ದಳು.

"ಯಾರೇ ಅವನು?" ಎಂದರು ಅತ್ತಿಗೆ, ಬಟ್ಟೆ ಮಡಚುತ್ತಾ.

"ಯಾರೂ ಇಲ್ಲ. ಒಬ್ಬ ಸೊಕ್ಕಿನವನು."

"ಸೊಕ್ಕಿನವನ ಬಗ್ಗೆ ಊಟದಲ್ಲಿ ನಾಲ್ಕು ಸಲ ಹೇಳಿದೆ. ನಿಮ್ಮಣ್ಣನೂ ಎಣಿಸಿದ್ರು!"

ಪಾತ್ರಗಳ ಪಟ್ಟಿ ಹಾಕಲು ಹತ್ತು ದಿನವಿತ್ತು. ಆ ಹತ್ತು ದಿನದಲ್ಲಿ ಮೇಷ್ಟ್ರು ಆರು ಸಲ ಕನ್ನಡಕದ ಅಂಗಡಿಗೆ ಬಂದ. ಮೊದಲ ಸಲ ಫ್ರೇಮಿನ ಸ್ಕ್ರೂ ಬಿಗಿ ಮಾಡಿಸಲು. ಆಮೇಲೆ ನೆಪವೂ ಇಲ್ಲ.

ಇಬ್ಬರೂ ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ ಸಂಘದವರನ್ನೆಲ್ಲ ಸಾಲಾಗಿ ನಿಲ್ಲಿಸಿ ಹೀಯಾಳಿಸಿದರು. ಬೇರೆ ಜೋಡಿಗಳು ಹಾಡು, ಹೂವು ಅಂತ ಹತ್ತಿರವಾಗುತ್ತವೆ. ಇವರನ್ನು ಹತ್ತಿರ ತಂದದ್ದು ತಾತ್ಸಾರ! ಬ್ಯಾಂಕ್ ಮ್ಯಾನೇಜರ ಹೊಟ್ಟೆ, ಅಧ್ಯಕ್ಷರ ಭಾಷಣ... ಎಲ್ಲಕ್ಕಿಂತ ಹೆಚ್ಚಾಗಿ ಅಧ್ಯಕ್ಷರ ಹೆಂಡತಿ.

ಆಕೆಯನ್ನು ಎಲ್ಲರೂ 'ಅಮ್ಮಾವ್ರು' ಎನ್ನುತ್ತಿದ್ದರು. ಹನ್ನೊಂದು ವರ್ಷದಿಂದ ಪ್ರತಿ ನಾಟಕದ ಮುಖ್ಯ ಪಾತ್ರ ಆಕೆಗೇ.

"ಮಾತು ಮರೀತಾರೆ," ಎಂದಳು ಅವಳು. "ನಾನು ಎತ್ತಿಕೊಡ್ತೀನಿ. ತಗೊಳ್ಳಲ್ಲ! ಮೂರು ವರ್ಷದಿಂದ ಇದೇ ಗೋಳು. ನಾನು ಗಂಟಲು ಹರ್ಕೊಂಡ್ರೂ ಮಹಾರಾಣಿ ಹಾಗೆ ಎತ್ತಲೋ ನೋಡ್ತಾ ನಿಂತಿರ್ತಾರೆ. ಅಷ್ಟು ಜಂಬ!"

"ಈ ಸಲ ಆ ಜಂಬ ಇಳಿಸ್ತೀನಿ. ಮನೆ ಒಡತಿ ಪಾತ್ರ ನಿಮ್ಮದೇ," ಎಂದ ಮೇಷ್ಟ್ರು. ಆಮೇಲೆ ಲೋಟದ ಕಡೆ ನೋಡುತ್ತಾ ಮೆಲ್ಲಗೆ, "ನೀವು ವೇದಿಕೆ ಮೇಲೆ ಬಂದ್ರೆ... ನನಗೂ ಈ ಊರಲ್ಲಿ ಇರೋಕೆ ಒಂದು ಕಾರಣ ಸಿಕ್ಕಿದ ಹಾಗಾಗುತ್ತೆ."

ಒಂಬತ್ತು ವರ್ಷದಲ್ಲಿ ಅವಳಿಗೆ ಇಂಥ ಮಾತನ್ನು ಯಾರೂ ಹೇಳಿರಲಿಲ್ಲ.

ಎಂಟನೆಯ ದಿನ ಮಧ್ಯಾಹ್ನ ಅಮ್ಮಾವ್ರೇ ಅಂಗಡಿಗೆ ಬಂದರು. ಹೊಸ ಫ್ರೇಮ್ ಬೇಕಂತೆ.

ಅವಳು ಬೆನ್ನು ತಿರುಗಿಸಿ ಬಗ್ಗಿ, ಕೆಳಗಿನ ಡ್ರಾಯರಿನಲ್ಲಿ ಹುಡುಕುತ್ತಾ ಕೇಳಿದಳು. "ಚಿನ್ನದ ಬಣ್ಣದ್ದೇ ಬೇಕಾ ಅಮ್ಮಾವ್ರೇ, ಕಪ್ಪು ಆಗುತ್ತಾ?"

ಉತ್ತರವಿಲ್ಲ.

"ಕಪ್ಪು ಆಗುತ್ತಾ ಅಂದೆ!"

ಊಹೂಂ.

'ನೋಡು ಸೊಕ್ಕು! ಅಂಗಡಿಯವಳ ಜೊತೆ ಮಾತಾಡಿದ್ರೆ ಬಾಯಿ ಸವೆಯುತ್ತೆ!' ಸಿಟ್ಟು ನೆತ್ತಿಗೇರಿ ಅಂದೇಬಿಟ್ಟಳು. "ವೇದಿಕೆ ಮೇಲೂ ಕಲ್ಲು, ಇಲ್ಲೂ ಕಲ್ಲು."

ಕೇಳಿಸಿಬಿಟ್ಟಿತೇ? ಗಾಬರಿಯಿಂದ ತಿರುಗಿದಳು.

ಅಮ್ಮಾವ್ರು ನಗುನಗುತ್ತಾ ಅವಳ ತುಟಿಗಳನ್ನೇ ನೋಡುತ್ತಿದ್ದರು. "ಏನಮ್ಮ, ಏನಾದ್ರೂ ಅಂದ್ಯಾ?"

ಅವಳ ಕೈಯಲ್ಲಿದ್ದ ಫ್ರೇಮು ಜಾರಿತು. ಅದು ನೆಲಕ್ಕೆ ಬಿದ್ದ ಸದ್ದಿಗೂ ಅಮ್ಮಾವ್ರ ರೆಪ್ಪೆ ಅಲುಗಲಿಲ್ಲ.

"ಅಮ್ಮಾವ್ರೇ... ನಿಮಗೆ... ಕೇಳಿಸಲ್ವಾ?"

ನಗು ಆ ಮುಖದಿಂದ ಮೆಲ್ಲಗೆ ಇಳಿದುಹೋಯಿತು. ಅಂಗಡಿಯಲ್ಲಿ ಬೇರೆ ಯಾರೂ ಇಲ್ಲವೆಂದು ನೋಡಿಕೊಂಡು ಕುರ್ಚಿಯಲ್ಲಿ ಕೂತರು.

"ಮೂರು ವರ್ಷ ಆಯ್ತು. ಎಡಗಿವಿ ಪೂರ್ತಿ ಹೋಗಿದೆ. ಬಲಗಿವೀಲಿ ಏನೋ ಗುಂಯ್ ಅನ್ನುತ್ತೆ ಅಷ್ಟೆ. ಮುಖ ನೋಡಿದ್ರೆ ಮಾತು ತಿಳಿಯುತ್ತೆ."

"ಮತ್ತೆ ನಾನು ಪರದೆ ಹಿಂದೆ..."

"ನೀನು ಏನೋ ಹೇಳ್ತಿದ್ದೀಯ ಅಂತ ಗೊತ್ತಾಗ್ತಿತ್ತು. ಏನು ಅಂತ ಗೊತ್ತಾಗ್ತಿರ್ಲಿಲ್ಲ."

"ಯಜಮಾನ್ರಿಗೆ?"

"ಅವರಿಗೆ ನಾನು ಗಮನ ಕೊಡಲ್ಲ ಅಂತ ಕೋಪ. ಅದೇ ಇರ್ಲಿ ಬಿಡು." ಕೈಚೀಲದ ಹಿಡಿಯನ್ನು ತಿರುಚುತ್ತಾ ಹೇಳಿದರು. "ನೀವೆಲ್ಲ ನನ್ನನ್ನ ನೋಡಿ ನಗೋದು ನನಗೆ ಗೊತ್ತಮ್ಮ. ಮುಖ ಓದೋಳಿಗೆ ಅದು ಮೊದಲು ಕಾಣಿಸುತ್ತೆ. ನಗಿ, ಪರವಾಗಿಲ್ಲ. 'ಅಯ್ಯೋ ಪಾಪ' ಮಾತ್ರ ಅನ್ನಬೇಡಿ. ಈ ಮನೆ ಒಡತಿ ಪಾತ್ರ ಒಂದು ಸಿಕ್ಕಿಬಿಟ್ರೆ ಸಾಕು. ಆಮೇಲೆ ನಾನೇ ನಿಲ್ಲಿಸ್ತೀನಿ, ಕಿವಿಗೆ ಮೆಷಿನ್ನೂ ಹಾಕಿಸ್ಕೋತೀನಿ. ಯಾರಿಗೂ ಹೇಳ್ಬೇಡ. ನನ್ನಾಣೆ."

ಮೂರು ವರ್ಷ ಶಾಪ ಹಾಕಿದ್ದಳು, ಕಾಫಿ ಕುಡಿಯುತ್ತಾ ನಕ್ಕಿದ್ದಳು. ಆ ಹೀನಾಯವೆಲ್ಲ ಈಗ ತಿರುಗಿ ಅವಳ ಮುಖಕ್ಕೇ ಬಂದು ಬಡಿಯಿತು.

'ಥೂ ನನ್ನ ಜನ್ಮಕ್ಕೆ!'

ಹತ್ತನೆಯ ದಿನ ಸಂಜೆ ಪಟ್ಟಿ ಅಂಟಿಸಿದರು. ಮನೆ ಒಡತಿಯ ಪಾತ್ರದ ಮುಂದೆ ಅವಳ ಹೆಸರು! ಕನಸಿನಲ್ಲಿ ಎಷ್ಟೋ ಸಲ ನೋಡಿದ್ದ ಅಕ್ಷರಗಳು. ಅವಳು ಬೆರಳಿನಿಂದ ಒಮ್ಮೆ ಮುಟ್ಟಿ ನೋಡಿದಳು, ಅಷ್ಟೆ. ಮೇಷ್ಟ್ರ ಕೋಣೆಗೆ ಹೋದಳು.

"ನನಗೆ ಇದು ಬೇಡ. ಅಮ್ಮಾವ್ರಿಗೇ ಕೊಡಿ."

ಮೇಷ್ಟ್ರು ತಮಾಷೆ ಎಂದುಕೊಂಡು ನಕ್ಕ. ಅವಳು ನಗಲಿಲ್ಲ.

"ನಾಟಕದಲ್ಲಿ ಕೆಲಸದವಳ ಪಾತ್ರ ಇದೆಯಲ್ಲ, ಮಾತಿಲ್ಲದ್ದು... ಅದು ನನಗೇ ಕೊಡಿ."

"ಅಧ್ಯಕ್ಷರು ಹೆದರಿಸಿದ್ರಾ?"

"ಇಲ್ಲ."

"ಮತ್ತೇನು ಕಾರಣ?"

"ಹೇಳೋಕಾಗಲ್ಲ ಮೇಷ್ಟ್ರೇ."

ಅವನ ಮುಖ ಬಿಗಿಯಿತು. "ನನಗೆ ಗೊತ್ತು ಕಾರಣ. ಹೆದರಿಕೆ! ಕತ್ತಲಲ್ಲಿ ಕೂತು ಎಲ್ಲರನ್ನೂ ಅಣಕಿಸೋಕೆ ಬರುತ್ತೆ. ಬೆಳಕಿಗೆ ಬಂದ್ರೆ ನಿಮ್ಮನ್ನೂ ಯಾರಾದ್ರೂ ಅಣಕಿಸ್ತಾರಲ್ಲ! ನಾನೊಬ್ಬ ಪೆದ್ದ, ನಿಮ್ಮನ್ನ ದೊಡ್ಡ ಕಲಾವಿದೆ ಅಂದ್ಕೊಂಡೆ. ನೀವು ಬರೀ ಪಿಸುಪಿಸು!"

ಆ ಹೆಸರು ಅವನ ಬಾಯಿಂದ ಬಂದದ್ದು ಅದೇ ಮೊದಲು. ಬೇರೆ ಯಾರು ಕರೆದಾಗಲೂ ಇಷ್ಟು ನೋವಾಗಿರಲಿಲ್ಲ.

'ಹೇಳಿಬಿಡಲೇ? ಒಂದೇ ಮಾತು... ಇಲ್ಲ. ಆಣೆ ಹಾಕಿದ್ದಾರೆ.'

"ಹೌದು," ಎಂದಳು. "ಪಿಸುಪಿಸುನೇ."

"ಹಾಳಾಗಿ ಹೋಗ್ಲಿ!" ಎಂದು ಅವನು ಪಟ್ಟಿಯನ್ನು ತಿದ್ದಿದ.

ಅಂದಿನಿಂದ ಕಾಫಿ ನಿಂತಿತು. ತಾಲೀಮಿನಲ್ಲಿ ಅವನು ಅವಳ ಕಡೆ ನೋಡಿದರೆ, ಚಪ್ಪಲಿಗೆ ಮೆತ್ತಿದ್ದನ್ನು ನೋಡಿದ ಹಾಗೆ ನೋಡುತ್ತಿದ್ದ.

"ಬ್ರೇಕ್! ಕೆಲಸದವಳು ಪ್ರೇಕ್ಷಕರಿಗೆ ಬೆನ್ನು ತೋರಿಸ್ಕೊಂಡು ಅಲ್ಲಿ ಯಾಕೆ ನಿಂತಿದ್ದಾಳೆ? ಬಾಗಿಲ ಹತ್ರ ನಿಲ್ಲು ಅಂದಿದ್ನಲ್ಲ!"

ಅವಳು ಬಾಗಿಲ ಹತ್ತಿರ ಹೋಗುತ್ತಿದ್ದಳು. ಅಮ್ಮಾವ್ರು ತಡವರಿಸಿದರೆ ಮತ್ತೆ ಅದೇ ಜಾಗಕ್ಕೆ ಬರುತ್ತಿದ್ದಳು.

"ಮಾತಿಲ್ಲದ ಪಾತ್ರ ಕೊಟ್ರೂ ಕೆಡಿಸೋಕೆ ಆಗುತ್ತೆ ಅಂತ ಇವತ್ತು ಕಲಿತೆ!" ಎಂದ ಎಲ್ಲರೆದುರು. ಬ್ಯಾಂಕ್ ಮ್ಯಾನೇಜರು ಹೊಟ್ಟೆ ಕುಣಿಸಿ ನಕ್ಕರು. ಅವರ ಸರದಿ ಬಂದಿತ್ತು!

ಅವಳು ಮನೆಗೆ ಬಂದು ಬಚ್ಚಲಿನ ನಲ್ಲಿ ಬಿಟ್ಟು ಅತ್ತಳು. ಅತ್ತಿಗೆ ಬಾಗಿಲು ತಟ್ಟಲಿಲ್ಲ. ಊಟದ ತಟ್ಟೆಗೆ ಮುಚ್ಚಳ ಮುಚ್ಚಿಟ್ಟು ಅಲ್ಲೇ ಕಾದು ಕೂತಿದ್ದರು.

ಮೊದಲ ಪ್ರದರ್ಶನ ಮಧ್ಯಾಹ್ನ ಮೂರಕ್ಕೆ. ಹಾಲ್ ತುಂಬಿತ್ತು. ಅವಳು ವೇದಿಕೆಯ ಮೇಲಿದ್ದುದರಿಂದ ಮಾತು ಎತ್ತಿಕೊಡುವವರು ಯಾರೂ ಇರಲಿಲ್ಲ. ಮೇಷ್ಟ್ರೇ ಗೊಣಗುತ್ತಾ ಪರದೆ ಹಿಂದಿನ ಸ್ಟೂಲಿನ ಮೇಲೆ ಕೂತ.

ಎರಡು ದೃಶ್ಯ ಹೇಗೋ ದಾಟಿದವು. ಮೂರನೆಯದು ಖಾಲಿ ಕೋಣೆಗಳ ದೃಶ್ಯ. ಅಮ್ಮಾವ್ರು ನಾಲ್ಕು ಮಾತಾಡಿ... ನಿಂತುಬಿಟ್ಟರು.

ಮೇಷ್ಟ್ರು ಪಿಸುಗುಟ್ಟಿದ. ಅಮ್ಮಾವ್ರು ತಿರುಗಲಿಲ್ಲ. ಇನ್ನೂ ಜೋರಾಗಿ ಹೇಳಿದ. ಮೊದಲ ಸಾಲಿನವರಿಗೂ ಕೇಳಿಸಿತು, ಯಾರೋ ಕಿಸಕ್ಕೆಂದರು. ಅಮ್ಮಾವ್ರಿಗೆ ಮಾತ್ರ ಕೇಳಿಸಲಿಲ್ಲ.

'ಈ ಹೆಂಗಸಿನ ಜಂಬಕ್ಕೆ ಬೆಂಕಿ ಬೀಳ!' ಮೇಷ್ಟ್ರು ತೊಡೆಗೆ ಗುದ್ದಿಕೊಂಡ.

ಆಗ ಬಾಗಿಲ ಹತ್ತಿರವಿದ್ದ ಕೆಲಸದವಳು ಬಟ್ಟೆ ಹಿಡಿದು ಮುಂದೆ ಬಂದಳು. ಪ್ರೇಕ್ಷಕರಿಗೆ ಬೆನ್ನು ಹಾಕಿ, ಒಡತಿಯ ಎದುರಿನ ಮೇಜನ್ನು ಒರೆಸತೊಡಗಿದಳು. ಪ್ರೇಕ್ಷಕರಿಗೆ ಕಾಣದ ಆ ಮುಖ, ಸ್ಟೂಲಿನ ಮೇಲೆ ಕೂತವನಿಗೆ ನಿಚ್ಚಳವಾಗಿ ಕಾಣುತ್ತಿತ್ತು.

ಸದ್ದಿಲ್ಲದೆ ಅವಳ ತುಟಿಗಳು ಅಲುಗುತ್ತಿದ್ದವು. ಒಂದೊಂದು ಅಕ್ಷರ ಬಿಡಿಸಿ, ಮಗುವಿಗೆ ತುತ್ತು ಕೊಡುವ ಹಾಗೆ...

ಅಮ್ಮಾವ್ರ ಕಣ್ಣು ಆ ತುಟಿಗಳ ಮೇಲೆ ನಿಂತಿತು. ಮಾತು ಬಂತು. ಅದರ ಹಿಂದೆ ಇನ್ನೊಂದು. ಖಾಲಿ ಮನೆಯಲ್ಲಿ ಉಳಿದ ಒಬ್ಬಳೇ ಒಬ್ಬಳು ಕೆಲಸದವಳನ್ನು ನೋಡುತ್ತಾ, ಆ ಒಡತಿ ತನ್ನ ಕಥೆಯನ್ನೆಲ್ಲ ಅವಳೊಬ್ಬಳಿಗೇ ಹೇಳುತ್ತಿರುವಂತೆ ಆಡಿದರು. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಅವರು ಹೀಗೆ ಆಡಿರಲಿಲ್ಲ. ಮೂರನೆಯ ಸಾಲಿನಲ್ಲಿ ಅಧ್ಯಕ್ಷರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಮೇಷ್ಟ್ರ ಕೈಯಲ್ಲಿದ್ದ ಹಾಳೆಗಳು ನೆಲಕ್ಕೆ ಬಿದ್ದವು. ಬೆನ್ನು ತೋರಿಸಿ ನಿಲ್ಲುತ್ತಿದ್ದದ್ದು, ಬೇಡವೆಂದರೂ ಅದೇ ಜಾಗಕ್ಕೆ ಬರುತ್ತಿದ್ದದ್ದು, 'ಹೇಳೋಕಾಗಲ್ಲ' ಎಂದದ್ದು... ಒಂದೊಂದಾಗಿ ಅವನಿಗೆ ಅರ್ಥವಾಗತೊಡಗಿದವು.

ಚಪ್ಪಾಳೆ ಬಹಳ ಹೊತ್ತು ನಿಲ್ಲಲಿಲ್ಲ. ಅಮ್ಮಾವ್ರು ಅವಳ ಕೈ ಹಿಡಿದು ಮುಂದಕ್ಕೆಳೆದರು. ಅವಳು ಬಿಡಿಸಿಕೊಂಡು ಹಿಂದೆ ಸರಿದಳು. ಕೆಳಗೆ ಯಾರೋ ಪಕ್ಕದವರಿಗೆ ಹೇಳುತ್ತಿದ್ದರು. "ಒಡತಿ ಅದ್ಭುತ. ಆ ಕೆಲಸದವಳು ಮಾತ್ರ ಸುಮ್ಮನೆ ಅಡ್ಡ ಅಡ್ಡ ಬರ್ತಿದ್ಲು."

ಎಲ್ಲರೂ ಹೋದ ಮೇಲೆ ಅವಳು ಹಿಂದಿನ ಅಂಗಳದ ನಲ್ಲಿಯಲ್ಲಿ ನಾಟಕದ ಲೋಟಗಳನ್ನು ತೊಳೆಯುತ್ತಿದ್ದಳು. ಸಂಜೆಯ ಬಿಸಿಲು ಇನ್ನೂ ಗೋಡೆಯ ಮೇಲಿತ್ತು.

ಮೇಷ್ಟ್ರು ಬಂದು ನಿಂತ.

"ಅಮ್ಮಾವ್ರಿಗೆ ಕಿವಿ..."

"ನನಗೇನೂ ಗೊತ್ತಿಲ್ಲ," ಎಂದಳು, ತಲೆ ಎತ್ತದೆ.

ಅವನು ಅವಳನ್ನೇ ನೋಡಿದ. "ಸರಿ. ಹಾಗಾದ್ರೆ ನನಗೂ ಏನೂ ಗೊತ್ತಿಲ್ಲ."

ಅಷ್ಟು ದಿನ ಅವನೆದುರು ತಡೆದಿಟ್ಟಿದ್ದ ಕಣ್ಣೀರು ಈಗ ನಲ್ಲಿ ನೀರಿನ ಜೊತೆ ಸೇರಿತು.

"ಎಲ್ಲರೆದುರು ನಿಮ್ಮನ್ನ ಅಂದೆ," ಎಂದ ಅವನು. "ಎಲ್ಲರೆದುರೇ ಕ್ಷಮೆ ಕೇಳ್ತೀನಿ."

"ಬೇಡ. ಕಾರಣ ಕೇಳ್ತಾರೆ. ಅವರ ಗುಟ್ಟು ರಟ್ಟಾಗುತ್ತೆ."

"ಹಾಗಾದ್ರೆ ನಾನು ಎಲ್ಲರ ಕಣ್ಣಲ್ಲಿ ಸರಿ, ನೀವು ತಪ್ಪು ಅಂತಲೇ ಉಳಿಯುತ್ತಲ್ಲ!"

"ಉಳೀಲಿ. ಅವರೆಲ್ಲರನ್ನೂ ನಾನು ಒಂಬತ್ತು ವರ್ಷ ಕೀಳಾಗಿ ನೋಡಿದ್ದೀನಿ. ಸ್ವಲ್ಪ ದಿನ ಅವರೂ ನೋಡ್ಲಿ."

ಅವನು ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತ. ತೊಳೆದಿಟ್ಟ ಲೋಟವನ್ನು ತನ್ನ ಅಂಗಿಯ ತುದಿಯಿಂದಲೇ ಒರೆಸತೊಡಗಿದ.

"ನಾನೂ ಹಾಗೇ. ದೊಡ್ಡ ತಂಡದಿಂದ ಬಂದವನು ಅಂತ ಇಲ್ಲಿರೋರನ್ನೆಲ್ಲ ಕಸ ಅಂದೆ. ಇವತ್ತು ಆ ಸ್ಟೂಲ್ ಮೇಲೆ ಕೂತಾಗ ಯಾರು ಕಸ ಅಂತ ಗೊತ್ತಾಯ್ತು..." ಲೋಟ ಕೆಳಗಿಟ್ಟ. "ನನಗೆ ನೀವು ಬೇಕು. ನಾಟಕಕ್ಕಲ್ಲ. ಮನೆಗೆ."

ಅವಳು ಕಣ್ಣೊರೆಸಿಕೊಂಡು ತಿರುಗಿದಳು. "ಮದುವೆ ಹೀಗಾ ಕೇಳೋದು? ಗೇರ್ ಬದಲಾಯಿಸಿದ ಹಾಗೆ!"

"ಸರಿಯಾಗಿ ಇನ್ನೊಂದು ಸಲ ಹೇಳ್ತೀನಿ."

"ಬೇಡ. ಎರಡನೇ ಸಲ ಹೇಳಿದ್ರೆ ಅದು ನಟನೆ ಆಗುತ್ತೆ."

"ಮತ್ತೆ... ಉತ್ತರ?"

ಅವಳು ನಲ್ಲಿ ನಿಲ್ಲಿಸಿದಳು. ಒದ್ದೆ ಕೈಯನ್ನು ಹಾಗೇ ಅವನ ಕೈಯಲ್ಲಿಟ್ಟಳು.

"ಮನೆಗೆ ಬಂದು ನಮ್ಮಣ್ಣನ್ನ ಕೇಳಿ. ಅವನು ಒಲ್ಲೆ ಅಂದ್ರೂ ನಾನು ಬರ್ತೀನಿ."

"ನಾಳೆ ಬರ್ಲಾ?"

"ಇವತ್ತೇ ಬನ್ನಿ. ನಾಳೆಯಷ್ಟೊತ್ತಿಗೆ ನಿಮ್ಮ ಮೇಲೆ ಮತ್ತೆ ಕೋಪ ಬಂದ್ರೆ?"