ಎದ್ದಿದೀಯಾ, ಲೀತ್?

"ಈ ಪುಟದ ಮೇಲೆ ಸಹಿ ಹಾಕಿ."

ಕೊರಲಿ ತಲೆ ಎತ್ತಲಿಲ್ಲ. ಬೆಳಗಿನಿಂದ ಸಹಿ ಹಾಕಿ ಹಾಕಿ ಅವಳ ಬೆರಳು ಮರಗಟ್ಟಿದ್ದವು. ಪೋರ್ಟ್ ಎಲ್ಲರ್ಬಿಯ ಟೌನ್ ಹಾಲ್ ತುಂಬ 'ಗ್ರೀವ್ಸ್ ಜೆಟ್ಟಿ' ಧಾರಾವಾಹಿಯ ಅಭಿಮಾನಿಗಳು. ಚಿತ್ರೀಕರಣವೆಲ್ಲ ಇದೇ ಊರಿನ ಜೆಟ್ಟಿಯ ಮೇಲೆ, ಸಮುದ್ರಕ್ಕೆ ಚಾಚಿದ ದೋಣಿಕಟ್ಟೆಯ ಮೇಲೆ, ನಡೆದಿತ್ತು. ಧಾರಾವಾಹಿ ನಿಂತು ಎಷ್ಟೋ ಕಾಲವಾದರೂ ಪ್ರತಿ ಚಳಿಗಾಲ ಅವರು ಇಲ್ಲಿ ಸೇರುತ್ತಿದ್ದರು. ಒಂದೊಂದು ಕಂತನ್ನೂ ಬಿಡಿಸಿ ಹೇಳುವ ಕೈಪಿಡಿ ಬರೆದವಳು ಕೊರಲಿ ಪೆನ್‌ರೋಸ್.

"ಯಾರ ಹೆಸರಿಗೆ ಅಂತ ಬರೀಲಿ?"

"ಹೆಸರು ಆಗಲೇ ಅಚ್ಚಾಗಿದೆ."

ಪೆನ್ನು ಅಲ್ಲೇ ನಿಂತಿತು. ಎದುರಿಗೆ ತೆರೆದಿದ್ದದ್ದು 'ಕಣ್ತಪ್ಪುಗಳು' ಅಧ್ಯಾಯ. ಅಭಿಮಾನಿಗಳಿಗೆ ಕಥೆಯ ಮೇಲೆ ಪ್ರಾಣ, ನಿಜ. ಆದರೆ ಅದರಲ್ಲೊಂದು ತಪ್ಪು ಸಿಕ್ಕಿತೋ, ಅವರಿಗೆ ಹಬ್ಬ. ಪುಸ್ತಕ ಕೊಂಡವರೆಲ್ಲ ಮೊದಲು ಬಿಡಿಸುತ್ತಿದ್ದದ್ದು ಇದೇ ಪುಟ.

'ಕೊನೆಯ ಸರಣಿ. ದೂರದಿಂದ ನೋಡಿದಾಗ ಕ್ಯಾಪ್ಟನ್ ಗ್ರೀವ್ ಚಹಾದ ಮಗ್ ಹಿಡಿದಿರುವುದು ಬಲಗೈಯಲ್ಲಿ. ಮರುಕ್ಷಣ ಹತ್ತಿರದಿಂದ ನೋಡಿದರೆ ಎಡಗೈಯಲ್ಲಿ! ದೃಶ್ಯದಿಂದ ದೃಶ್ಯಕ್ಕೆ ತಾಳೆಯಾಗುವಂತೆ ಕಂಟಿನ್ಯೂಟಿ ನೋಡಿಕೊಳ್ಳಬೇಕಿದ್ದ ಲೀತ್ ಮಂಡಿ ಎಂಬ ಮಹಾಶಯರು ಆಗ ಸೊಗಸಾದ ನಿದ್ದೆಯಲ್ಲಿದ್ದರು.'

ಕೊರಲಿ ನಿಧಾನಕ್ಕೆ ತಲೆ ಎತ್ತಿದಳು. ಎತ್ತರದ ಆಳು, ಬಿಸಿಲಿಗೆ ಕಂದಿದ ಮುಖ, ತೋಳಿನ ಮೇಲೆ ದೋಣಿಯ ಬಣ್ಣ. ಕಣ್ಣಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವಳಿಗೆ ಸುಲಭವಾಗುತ್ತಿತ್ತು.

ಸಾಲಿನ ಹಿಂದಿನಿಂದ ಯಾರೋ ಕೂಗಿದರು. "ಎದ್ದಿದೀಯೇನಪ್ಪಾ, ಲೀತ್?"

ಹಾಲ್‌ಗೆ ಹಾಲೇ ನಕ್ಕಿತು. ಅದು ಅಭಿಮಾನಿಗಳ ಮಾಮೂಲಿ ಕುಶಾಲು. ಆ ಕುಶಾಲಿನಿಂದಾಗಿ ಯಾವ ಚಿತ್ರತಂಡವೂ ಲೀತ್‌ನನ್ನು ಕೆಲಸಕ್ಕೆ ಕರೆಯದೆ, ಅವನು ದೋಣಿಗಳಿಗೆ ಬಣ್ಣ ಬಳಿಯುವುದಕ್ಕೆ ಇಳಿದಿದ್ದು ಅವಳಿಗೆ ಗೊತ್ತಾದದ್ದು ಅಂದೇ.

ಅವಳು ಸಹಿ ಹಾಕಿದಳು. ಅಕ್ಷರ ಸೊಟ್ಟಗಾಯಿತು.

ಮರುದಿನವೇ ಅವಳು ದೋಣಿ ಶೆಡ್ಡಿಗೆ ಹೋದಳು.

"ಕ್ಷಮಿಸಿ ಅಂತ ಕೇಳೋಕೆ ಬಂದೆ."

"ಯಾತಕ್ಕೆ? ಮಗ್ ಎಡಗೈಲೇ ಇತ್ತಲ್ಲ."

"ತಪ್ಪು ಎಲ್ಲರದ್ದೂ ಬರೆದಿದೀನಿ. ಹೆಸರು ಹಿಡಿದು ತಮಾಷೆ ಮಾಡಿದ್ದು ನಿಮ್ಮೊಬ್ಬರನ್ನೇ."

ಅವನು ಬ್ರಷ್ ಒರೆಸಿಟ್ಟ. ಆಮೇಲೆ ಸ್ಟೂಲೊಂದನ್ನು ಕಾಲಿನಿಂದ ಅವಳ ಕಡೆಗೆ ತಳ್ಳಿದ. "ಆಲೂಗಡ್ಡೆ ಮಾಂಸ ತುಂಬಿದ ಪಾಸ್ಟಿ ಇದೆ, ಬಿಸಿ ಇದೆ. ತಿಂತೀರಾ?"

ಕೈಪಿಡಿಯ ಹೊಸ ಆವೃತ್ತಿ ಬರುವುದಿತ್ತು. ಚಿತ್ರೀಕರಣದ ಒಳಗಿನ ಸಂಗತಿ ತಿಳಿದವರು ಅವಳಿಗೆ ಬೇಕಿದ್ದರು. ಮೊದಮೊದಲು ಆ ನೆಪ, ಬರಬರುತ್ತ ನೆಪವೂ ಇಲ್ಲದೆ ಅವಳ ಕಾರು ಅವಳೂರು ಅಡಿಲೇಡಿನಿಂದ ಎಲ್ಲರ್ಬಿಯ ದಾರಿ ಹಿಡಿಯತೊಡಗಿತು. ತುಂಡು ತುಂಡಾಗಿ ತೆಗೆದ ದೃಶ್ಯಗಳನ್ನು ಹೊಂದಿಸುವ ಬಗೆಯನ್ನು ಅವನು ಹೇಳಿದ. ಅಂಗಿಯ ಗುಂಡಿ ಹಾಕಿತ್ತೇ, ಕೂದಲು ಯಾವ ಕಡೆಗಿತ್ತು, ಲೋಟದಲ್ಲಿ ಎಷ್ಟು ಉಳಿದಿತ್ತು, ಎಲ್ಲದಕ್ಕೂ ಕಾವಲು ಅವನೇ. ಅವಳು ಅಮ್ಮನ ಕೊನೆಯ ದಿನಗಳ ಕಥೆ ಹೇಳಿದಳು. ಆಸ್ಪತ್ರೆಯಲ್ಲಿ ತಾಯಿ ಮಂಚದ ಮೇಲೆ, ಮಗಳು ಪಕ್ಕದಲ್ಲಿ ಕೂತು ನೋಡುತ್ತಿದ್ದದ್ದು 'ಗ್ರೀವ್ಸ್ ಜೆಟ್ಟಿ'ಯನ್ನೇ.

"ಅಮ್ಮ ಹೋದ್ಮೇಲೆ ಟೀವಿ ಆರಿಸೋಕೆ ಮನಸ್ಸು ಬರ್ಲಿಲ್ಲ. ಅದಕ್ಕೇ ಬರೆಯೋಕೆ ಕೂತೆ."

ಲೀತ್ ಎದ್ದ. ಅವಳ ಆರಿದ ಚಹಾ ಚೆಲ್ಲಿ, ಬಿಸಿಯಾಗಿ ಇನ್ನೊಂದು ಮಾಡಿ ತಂದಿಟ್ಟ. ಕೊರಲಿಗೆ ಅವನ ಮೇಲೆ ಮನಸ್ಸಾದದ್ದು ಆ ಗಳಿಗೆಯಲ್ಲೇ ಇರಬೇಕು.

ಆದರೆ ಆ ಮಗ್‌ನ ಮಾತೆತ್ತಿದರೆ ಸಾಕು, ಅವನ ಬಾಯಿಗೆ ಬೀಗ ಬೀಳುತ್ತಿತ್ತು.

"ಆ ಸಾಲು ತೆಗೆದುಬಿಡ್ತೀನಿ, ಲೀತ್."

"ಬೇಡ. ಹಾಗೇ ಇರಲಿ."

"ನಿಮ್ಮ ಹೆಸರಾದರೂ ತೆಗೀತೀನಿ."

"ಬೇಡ ಅಂದೆನಲ್ಲ. ಹೆಸರೂ ಇರಲಿ."

"ಯಾಕೆ?" ಅವಳು ಎದ್ದು ನಿಂತಳು. "ನಾನು ಮಾಡಿದ್ದನ್ನ ಗೋಡೆಗೆ ತೂಗುಹಾಕ್ಕೊಂಡು ದಿನಾ ನೋಡ್ಬೇಕಾ ನಿಮಗೆ? ಕ್ಷಮಿಸಿಲ್ಲ ಅಂತ ನೇರವಾಗಿ ಹೇಳ್ಬಾರ್ದಾ?"

ಅವನು ಏನೋ ಹೇಳಲು ಹೋದ. ಮತ್ತೆ ಬ್ರಷ್ ಕೈಗೆತ್ತಿಕೊಂಡ.

ಕೊರಲಿ ಕಾರು ಹತ್ತಿದಳು. 'ಇನ್ನು ಈ ಊರಿನ ಕಡೆ ತಲೆಯಿಟ್ಟೂ ಮಲಗಲ್ಲ' ಎಂದುಕೊಂಡಳು. ದಾರಿಯುದ್ದಕ್ಕೂ ಅತ್ತಳು.

ಆದರೆ ಚಳಿಗಾಲ ಮತ್ತೆ ಬಂತು. ಅಭಿಮಾನಿಗಳ ಸಮಾವೇಶಕ್ಕೆ ಬಾರದಿರಲು ಅವಳಿಗೆ ದಾರಿಯಿರಲಿಲ್ಲ. ಈ ಸಲ ಇನ್ನೊಂದು ವಿಶೇಷವಿತ್ತು. ಕ್ಯಾಪ್ಟನ್ ಗ್ರೀವ್ ಪಾತ್ರ ಮಾಡಿದ್ದ ಕ್ಲೆಮ್ ಆಟ್ಕಿನ್ಸ್, ಧಾರಾವಾಹಿ ನಿಂತ ಮೇಲೆ ಮೊದಲ ಬಾರಿಗೆ ಜನರ ಮುಂದೆ ಬರುತ್ತಿದ್ದರು.

ಈಗ ಮುದುಕರಾಗಿದ್ದ ಕ್ಲೆಮ್ ಬಂದು ಕೂತರು. ಬಲಗೈ ಕೋಟಿನ ಜೇಬಿನಲ್ಲಿತ್ತು. ಅವರ ಬಲಕ್ಕೆ ಒತ್ತಿಕೊಂಡಂತೆ ಲೀತ್ ನಿಂತ. ಯಾರಾದರೂ ಕೈಕುಲುಕಲು ಬಂದರೆ ಅವನೇ ಮುಂದೆ ಬಾಗಿ, ಏನೋ ಮಾತಾಡಿಸಿ, ಬಂದವರನ್ನು ಕ್ಲೆಮ್ ಅವರ ಎಡಗೈ ಕಡೆಗೆ ತಿರುಗಿಸುತ್ತಿದ್ದ. ಪುಸ್ತಕ ಬಂದರೆ ಅದು ಜಾರದಂತೆ ಅಂಗೈ ಊರುತ್ತಿದ್ದ. ಕ್ಲೆಮ್ ಸಹಿ ಹಾಕುತ್ತಿದ್ದದ್ದು ಎಡಗೈಯಲ್ಲಿ, ಮಕ್ಕಳ ಬರಹದಂತೆ. ಚಹಾ ಬಂತು. ಲೀತ್ ಮಗ್ ತೆಗೆದು ಅವರ ಎಡಗೈಗೇ ಕೊಟ್ಟ.

ಯಾರೂ ಗಮನಿಸಲಿಲ್ಲ. ಗಮನಿಸಿದ್ದು ಕೊರಲಿಯೊಬ್ಬಳೇ.

ಕೊನೆಯ ಸರಣಿಯ ದೃಶ್ಯಗಳೆಲ್ಲ ಅವಳ ಕಣ್ಣಮುಂದೆ ಓಡಿದವು. ಜೇಬಿನೊಳಗಿನ ಬಲಗೈ... ಹಗ್ಗದ ಸುರುಳಿಯ ಹಿಂದೆ ಮರೆಯಾದ ಬಲಗೈ... ಕಂಬಿಯನ್ನು ಬಿಗಿಯಾಗಿ ಹಿಡಿದ ಬಲಗೈ...

'ನಾನು ನೋಡಿದ್ದು ಬರೀ ಮಗ್. ಕೈಯನ್ನ ನೋಡಲೇ ಇಲ್ಲವಲ್ಲ ನಾನು.'

ಮಧ್ಯಾಹ್ನ ಜೆಟ್ಟಿಯ ತುದಿಯಲ್ಲಿ ಲೀತ್ ಒಬ್ಬನೇ ಸಿಕ್ಕ.

"ಕೈ ನಡುಗ್ತಾ ಇತ್ತು ಅಲ್ವಾ?" ಎಂದಳು.

ಅವನು ಸಮುದ್ರದ ಕಡೆ ನೋಡಿದ. "ದೂರದ ಷಾಟ್‌ನಲ್ಲಿ ಹೇಗೋ ಹಿಡಿದಿದ್ರು. ಹತ್ತಿರದ್ದು ತೆಗೆಯೋ ಹೊತ್ತಿಗೆ ಆಗ್ಲಿಲ್ಲ, ಎಡಗೈಗೆ ತಗೊಂಡ್ರು. ನಾನು ಅಲ್ಲೇ ನಿಂತಿದ್ದೆ. ಕೈ ಬದಲಾಗಿದೆ, ಮತ್ತೆ ತೆಗೀರಿ ಅಂತ ಕೂಗಬೇಕಿತ್ತು. ಅದೇ ನನ್ನ ಕೆಲಸ."

"ಆದರೆ ಕೂಗಲಿಲ್ಲ."

"ಕ್ಲೆಮ್ ನನ್ನ ಮುಖ ನೋಡಿದ್ರು, ಕೊರಲಿ. ಕಾಯಿಲೆ ಅಂತ ಗೊತ್ತಾಗಿದ್ರೆ ತಂಡದವರು ಅವತ್ತೇ ಅವರನ್ನ ಮನೆಗೆ ಕಳಿಸ್ತಿದ್ರು. ಎಲ್ಲ ಸರಿಯಾಗಿದೆ, ಮುಂದಿನದು ತಗೊಳ್ಳಿ ಅಂದುಬಿಟ್ಟೆ. ಕಥೆ ಮುಗಿಯೋ ತನಕ ಅವರು ಕ್ಯಾಪ್ಟನ್ನಾಗೇ ಇದ್ರು."

"ನನಗಾದರೂ ಹೇಳ್ಬಹುದಿತ್ತು..."

"ಇವತ್ತಿಗೂ ಯಾರಿಗೂ ಗೊತ್ತಾಗೋದು ಅವರಿಗೆ ಇಷ್ಟ ಇಲ್ಲ. ಇನ್ನೊಬ್ಬರ ಗುಟ್ಟನ್ನ ನಾನು ಹೇಗೆ ಹೇಳಲಿ?" ಅವನ ದನಿ ತಗ್ಗಿತು. "ಆ ಸಾಲು ತೆಗೆದ್ರೆ ಯಾಕೆ ತೆಗೆದ್ರಿ ಅಂತ ಕೆದಕ್ತಾರೆ. ಈ ಜನ ಬಿಡೋರಲ್ಲ. ನನ್ನ ನಿದ್ದೆ ನೋಡಿ ನಗ್ತಾ ಇರೋ ತನಕ ಯಾರೂ ಆ ಕೈ ನೋಡಲ್ಲ. ನೀನು ಬರೆದ ತಮಾಷೆಯಿಂದ ಅವರ ಮಾನ ಉಳೀತು."

ಅವನು ಅವಳನ್ನು 'ನೀನು' ಎಂದದ್ದು ಅದೇ ಮೊದಲು. ಅದು ಅವನ ಗಮನಕ್ಕೂ ಬರಲಿಲ್ಲ.

ಕೊರಲಿಯ ಕಣ್ಣು ತುಂಬಿತು. ಅವನ ಹೆಸರಿಗೆ ಹತ್ತಿದ ಮಸಿ ತೊಳೆಯಬೇಕೆಂದು ಅವಳು ಎಷ್ಟು ಹಂಬಲಿಸಿದ್ದಳು. ಈಗ ಅದನ್ನು ತೊಳೆಯುವಂತಿಲ್ಲ. ಹಾಗೆಂದು ಅವನೊಬ್ಬನೇ ಅದನ್ನು ಹೊತ್ತು ತಿರುಗುವುದನ್ನು ನೋಡಿಕೊಂಡು ಇರುವುದು ಅವಳಿಂದ ಸಾಧ್ಯವಿರಲಿಲ್ಲ.

ಅವಳು ಥಟ್ಟನೆ ಹಾಲ್‌ಗೆ ಹಿಂದಿರುಗಿದಳು. ಲೀತ್ ಅಲ್ಲೇ ನಿಂತ. 'ಹೋದಳು' ಎಂದುಕೊಂಡ. ಹೋಗುವವರನ್ನು ತಡೆಯುವ ಅಭ್ಯಾಸ ಅವನಿಗಿರಲಿಲ್ಲ.

ಸಂಜೆ ಅವನು ಶೆಡ್ಡಿನ ಬಾಗಿಲು ಎಳೆಯುತ್ತಿದ್ದಾಗ, ಎದುರಿಗೊಂದು ಹಾಳೆ ಚಾಚಿಕೊಂಡಿತು. ಹೊಸ ಆವೃತ್ತಿಯ ಕರಡು.

"ಈ ಪುಟದ ಮೇಲೆ ಸಹಿ ಹಾಕಿ."

ಹಾಳೆ ಹಿಡಿದವಳು ಕೊರಲಿ. ಲೀತ್ ಹಾಳೆ ತೆಗೆದುಕೊಂಡ. ಹಳೆಯ ಸಾಲುಗಳು ಇದ್ದಂತೆಯೇ ಇದ್ದವು. ಬಲಗೈ, ಎಡಗೈ, ಸೊಗಸಾದ ನಿದ್ದೆ, ಒಂದೂ ಬದಲಾಗಿರಲಿಲ್ಲ. ಕೆಳಗೆ ಪೆನ್ನಿನಲ್ಲಿ ಒಂದು ಸಾಲು ಸೇರಿತ್ತು.

'ಅವರ ಪಕ್ಕದಲ್ಲೇ ಈ ಪುಸ್ತಕದ ಲೇಖಕಿಯೂ ನಿದ್ದೆ ಹೋಗಿದ್ದಳು. ಅವಳಿಗೆ ಈಗಲೂ ಎದ್ದು ಹೋಗುವ ಮನಸ್ಸಿಲ್ಲ.'

ಅವನು ಮತ್ತೆ ಓದಿದ. ಓದುತ್ತ ಓದುತ್ತ ಹಾಳೆ ಅವನ ಕಣ್ಣಿಗೆ ಮಂಜಾಯಿತು.

"ಎಲ್ಲರೂ ಓದ್ತಾರೆ, ಕೊರಲಿ. ನಿನ್ನನ್ನೂ ಆಡ್ಕೋತಾರೆ."

"ಆಡ್ಕೊಳ್ಳಲಿ. ಇಷ್ಟು ದಿನ ಒಬ್ಬನೇ ಕೇಳಿಸ್ಕೊಂಡಿದ್ದು ಸಾಕು." ಅವಳು ಉಸಿರು ಎಳೆದುಕೊಂಡಳು. "ಇನ್ನೂ ಅಚ್ಚಿಗೆ ಹೋಗಿಲ್ಲ. ಬೇಡ ಅಂದ್ರೆ ಈಗ್ಲೇ ಹೊಡೆದು ಹಾಕ್ತೀನಿ."

ಅವನು ಅವಳ ಕೈಯಿಂದ ಪೆನ್ನು ತೆಗೆದುಕೊಂಡ. ಅವಳು ಪೆನ್ನಿನ ತುದಿಯನ್ನೇ ನೋಡಿದಳು. ಹೊಡೆದು ಹಾಕುತ್ತಾನೋ... ಇಲ್ಲ. ಹಾಳೆಯನ್ನು ಬಾಗಿಲಿಗೆ ಒತ್ತಿ ಹಿಡಿದು, ಪೆನ್ನು ಊರಿ ನಿಂತ.

"ಯಾರ ಹೆಸರಿಗೆ ಅಂತ ಬರೀಲಿ?"

"ಅದು ಆಗಲೇ ಮುಖಪುಟದ ಮೇಲೆ ಅಚ್ಚಾಗಿದೆ," ಎಂದಳು ಕೊರಲಿ. ಆಮೇಲೆ ಅವನ ಬಣ್ಣ ಹತ್ತಿದ ತೋಳಿಗೆ ಹಣೆ ಆನಿಸಿ ಮೆಲ್ಲಗೆ ಕೇಳಿದಳು. "ಎದ್ದಿದೀಯಾ, ಲೀತ್?"

"ಎದ್ದೇ ಇದೀನಿ," ಎಂದ ಅವನು. "ನೀನು ಬರ್ತೀಯೇನೋ ಅಂತ."